ನೆನೆಯುವ ಕಾಲು

ಮಾರ್ಚ್ 5, ಬುಧವಾರ. ಕುರುಗೋಡು

ಕುರ್ಚಿಯಲ್ಲಿ ಕೂತು ನಡೆಯಬೇಕಂತೆ! ಈ ಅಮೃತವಾಣಿ ಕೇಳುವುದಕ್ಕೆ ತಮ್ಮ ಖಲಂದರನ ಲಗೇಜ್ ಆಟೋದಲ್ಲಿ ಬಳ್ಳಾರಿಗೆ ಹೋಗಿಬಂದೆ. ಅವನದು ಗಾದಿ ಅಂಗಡಿ. ಹಿಂದೆ ಗಾದಿಗಳು, ಮುಂದೆ ನಾನು. ಎಲ್ಲವನ್ನೂ ಅವನೇ ಹತ್ತಿಸಬೇಕು, ಅವನೇ ಇಳಿಸಬೇಕು. ಗಾದಿಗಳು ಮಾತ್ರ ಗೊಣಗುವುದಿಲ್ಲ.

ಆಸ್ಪತ್ರೆಗೆ ಹೊಸ ಫಿಜಿಯೋಥೆರಪಿಸ್ಟ್ ಬಂದಿದ್ದಾಳೆ. ಹೆಸರು ಸಂಪದಾ. ನನ್ನ ಕೈಯಲ್ಲಿ ಹತ್ತನೇ ತರಗತಿ ಓದಿ ಹೋದವರ ವಯಸ್ಸು. ನನ್ನನ್ನು ಕೂರಿಸಿ, "ಕಣ್ಣು ಮುಚ್ಚಿಕೊಳ್ರಿ ಮೇಡಂ. ನೀವು ನಡಿಯೋದನ್ನ ನೆನಸ್ಕೊಳ್ರಿ. ಕಾಲು ಅಲ್ಲಾಡಿಸಬ್ಯಾಡ್ರಿ, ಮನಸ್ನಾಗ ಅಷ್ಟ" ಅಂದಳು.

"ಅಷ್ಟಕ್ಕ ಕಾಲು ನೆಟ್ಟಗಾಗತೈತೇನು?"

"ನೆಟ್ಟಗಾಗ್ತದ ಅಂತ ನಾ ಹೇಳೂದಿಲ್ರಿ. ನಡಿಗಿ ಸುಧಾರಿಸಬಹುದು. ಮಿದುಳಿನಿಂದ ಕಾಲಿಗೆ ಹೋಗೋ ದಾರಿ ಕೆಟ್ಟದ, ಆ ದಾರಿ ಮಿದುಳು ಮರೀಬಾರದು. ನೀವು ನಾಲ್ಕು ಹೆಜ್ಜಿಗೆ ದಣೀತೀರಿ. ಮೈಯಿಂದ ಆದಷ್ಟು ಮಾಡಿ, ಉಳಿದದ್ದು ಮನಸ್ಸಿನಿಂದ ಮಾಡ್ರಿ."

ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಎಂದು ನಾವು ನಗುತ್ತಿದ್ದೆವು. ಈಗ ಅದನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಕಿವಿಗೆ ಬಿದ್ದು ಎರಡು ವರ್ಷವಾಯಿತು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಕೆರೆದು ತಿನ್ನುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೇಯ್ದದ್ದು ಹೆಚ್ಚಾಗಿ ಅದಕ್ಕೆ ಹೋಗುವ ದಾರಿಯನ್ನೇ. ಅದು ಅಂದರೆ ಬಲಗಾಲು. ನನ್ನದು ಎಂದು ಬರೆಯಲು ಮನಸ್ಸಿಲ್ಲ.

ಶಾಲೆಗೆ ರಜೆ ಹಾಕಿ, ಆಸ್ಪತ್ರೆಗೆ ಹತ್ತಿರವೆಂದು ತಮ್ಮನ ಮನೆಯಲ್ಲಿದ್ದೇನೆ. ನನಗೆ ಬೇಕಾದದ್ದು ಒಂದೇ. ಮೇ ಕೊನೆಗೆ ಶಾಲೆ ತೆರೆಯುವಾಗ ಸಿರುಗುಪ್ಪದಿಂದ ಕರೂರಿಗೆ ಹೋಗುವ ಬಸ್ಸನ್ನು, ಯಾರೂ ಎತ್ತದೆ, ನಾನೇ ಹತ್ತಬೇಕು. ಬೈಕಿನ ಹಿಂದೆ ಅಷ್ಟು ದೂರ ಕೂತರೆ ಅದು ಮರಗಟ್ಟುತ್ತದೆ, ಆಟೋದವರು ದಿನಾ ಬರಲು ಒಪ್ಪುವುದಿಲ್ಲ. ಬಸ್ಸು ಹತ್ತಿದರೆ ನಾನು ಕರೂರು ಪ್ರೌಢಶಾಲೆಯ ಕನ್ನಡ ಟೀಚರ್. ಹತ್ತದಿದ್ದರೆ ಏನೋ, ಅದನ್ನು ಇವತ್ತು ಬರೆಯುವುದಿಲ್ಲ.

ಮಾರ್ಚ್ 9, ಭಾನುವಾರ

ಹುಡುಗಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಣ್ಣು ಮುಚ್ಚಿದರೆ ನಡಿಗೆ ಬರುತ್ತದೆ. ನಡಿಗೆ ಏನು, ಓಟವೇ! ನೌಕರಿ ಸೇರಿದ ವರ್ಷ. ಕರೂರಿನಿಂದ ಸಂಜೆಯ ಬಸ್ಸು ಹೊರಟುಬಿಟ್ಟಿದೆ. ಉತ್ತರಪತ್ರಿಕೆಯ ಕಟ್ಟನ್ನು ಎದೆಗೊತ್ತಿಕೊಂಡು ಗದ್ದೆ ಪಕ್ಕದ ರಸ್ತೆಯಲ್ಲಿ ಓಡುತ್ತಿದ್ದೇನೆ. ಕಾಲಲ್ಲಿ ಬಿಳಿ ಪಟ್ಟಿಯ ಚಪ್ಪಲಿ. ಕಂಡಕ್ಟರ್ ಬಾಗಿಲಲ್ಲಿ ನಿಂತು "ಬರ್ರಿ ಟೀಚರ್, ಬರ್ರಿ" ಅನ್ನುತ್ತಾನೆ. ಚಲಿಸುವ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲು ಬೀಳುತ್ತದೆ, ಠಣ್ಣನೆ.

ಕಣ್ಣು ತೆರೆದರೆ ಖಲಂದರನ ಮನೆಯ ಪಡಸಾಲೆ, ಗೋಡೆಗೆ ಒರಗಿಸಿದ ಕೋಲು. ಎದ್ದು ನಡೆದರೆ ಆ ಕಾಲು ನೆಲವನ್ನು ಗುಡಿಸುತ್ತಾ ಬರುತ್ತದೆ. ಒಂದು ಕಸಪರಿಕೆಯಾದರೂ ಕೊಟ್ಟಿದ್ದರೆ ಮನೆ ಸ್ವಚ್ಛವಾಗುತ್ತಿತ್ತು. ನೆನೆಸಿಕೊಂಡಾಗ ಸುಖ, ಎದ್ದಾಗ ಎರಡರಷ್ಟು ಸಿಟ್ಟು. ಇದು ಚಿಕಿತ್ಸೆಯೋ ಶಿಕ್ಷೆಯೋ ತಿಳಿಯದು.

ಮಾರ್ಚ್ 17, ಸೋಮವಾರ

ಅವ್ವ ಸಿರುಗುಪ್ಪದ ಮನೆಗೆ ಬೀಗ ಹಾಕಿ ನನ್ನ ಜೊತೆ ಇಲ್ಲಿಗೇ ಬಂದಿದ್ದಾಳೆ. ಅವಳದು ಇನ್ನೊಂದು ಕಾಟ. ನಾನು ಕಣ್ಣು ಮುಚ್ಚಿ ಕೂತೆನೆಂದರೆ ಇಡೀ ಓಣಿಗೆ ಕರ್ಫ್ಯೂ. ಇವತ್ತು ಪಕ್ಕದ ಮನೆ ಮಾರೆಮ್ಮ ಮಾತಾಡುತ್ತಾ ಒಳಗೆ ಬಂದರೆ, ಅವ್ವ ಬಾಗಿಲಲ್ಲೇ ತಡೆದು, "ಸುಮ್ಮನಿರವಾ, ಇರ್ಫಾನಾ ನಡ್ಯಾಕತ್ತಾಳ" ಅಂದಳು.

"ಎಲ್ಲಿ? ಕುರ್ಚಿ ಮ್ಯಾಲೆ ಕುಂತಾಳಲ್ಲ!"

"ಕುಂತ ನಡ್ಯಾಕತ್ತಾಳ. ದೂರ ಹೋಗ್ಯಾಳ, ಈಗ ಬರ್ತಾಳ."

ಮಾರೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳಿಗೆ ನನ್ನ ಕಾಯಿಲೆಯೇ ಅರ್ಥವಾಗಿಲ್ಲ. ಆಸ್ಪತ್ರೆಯವರು ಎಂ.ಎಸ್. ಅನ್ನುವುದನ್ನು ಖಲಂದರನ ಬಾಯಿಂದ ಕೇಳಿ, "ಎಂ.ಎ. ಆಗಿತ್ತು, ಈಗ ಎಂ.ಎಸ್ಸೂ ಆತಂತ, ಎಷ್ಟು ಓದತೀಯವಾ" ಎಂದು ಹೊಗಳಿ ಹೋದವಳು.

ನಾನು ಕಣ್ಣು ತೆರೆಯುತ್ತಿದ್ದಂತೆ ಅವ್ವ ತಂಬಿಗೆ ನೀರು ತಂದು ಹಿಡಿದಳು. "ನಡದು ಬಂದಿ, ದಣದಿರ್ತಿ, ಕುಡಿ." ಅವಳು ರೋಜಾ ಇದ್ದಾಳೆ, ಬೆಳಗಿನಿಂದ ಗುಟುಕು ನೀರು ಕುಡಿದಿಲ್ಲ. ನನಗೆ ಡಾಕ್ಟರ್ ಉಪವಾಸ ಬೇಡ ಅಂದಿದ್ದಾರೆ. ಒಣಗಿದ ತುಟಿಯ ಮುದುಕಿಯ ಎದುರು, ಎಲ್ಲಿಗೂ ಹೋಗದವಳು ಗಟಗಟ ನೀರು ಕುಡಿಯಬೇಕು. ಅವ್ವನ ಮೇಲೆ ರೇಗಿದೆ. ಅವಳು ತಂಬಿಗೆ ಅಲ್ಲೇ ಇಟ್ಟು ಹೋದಳು. ಆಮೇಲೆ ಕುಡಿದೆ.

ಮಾರ್ಚ್ 31, ಸೋಮವಾರ. ರಂಜಾನ್ ಹಬ್ಬ

ಬಂದವರೆಲ್ಲ ಸುರಕುಂಬಾ ಪಾಯಸ ಕುಡಿದು ಒಂದೊಂದು ಔಷಧಿ ಹೇಳಿ ಹೋದರು. ಕೋಳಿಗೆ ಗಾಯವಾದರೆ ಊರೆಲ್ಲ ವೈದ್ಯರು. ಸಾಕಾಗಿದೆ.

ಏಪ್ರಿಲ್ 9, ಬುಧವಾರ

ಮುಖ್ಯೋಪಾಧ್ಯಾಯ ಚನ್ನಬಸವರಾಜ ಸರ್ ಫೋನ್ ಮಾಡಿದ್ದರು. ಸಿರುಗುಪ್ಪದ ಶಿಕ್ಷಣ ಕಚೇರಿಯಲ್ಲಿ ನನಗೊಂದು ಮೇಜು ನೋಡಿದ್ದಾರಂತೆ. ನಿಯೋಜನೆಯ ಮೇಲೆ. ನೆಲಮಹಡಿ, ಫ್ಯಾನಿನ ಕೆಳಗೆ, ಬೇರೆ ಶಾಲೆಗಳಿಂದ ಬಂದ ಅಂಕಿ-ಅಂಶ ಜೋಡಿಸುವ ಕೆಲಸ.

"ನಿಮ್ಮ ಒಳ್ಳೇದಕ್ಕ ಹೇಳ್ತೀನ್ರಿ ಮೇಡಂ. ಮನಿಯಿಂದ ನಡದು ಹೋಗೋ ಅಷ್ಟು ಹತ್ರ ಐತಿ. ಹೂಂ ಅನ್ರಿ, ಉಳಿದದ್ದು ನಾ ನೋಡ್ಕೊಂತೀನಿ."

"ಸಾಲಿ ಶುರುವಾದ ದಿನ ಬರ್ತೀನ್ರಿ ಸರ್" ಅಂದೆ.

"ಬಸ್ಸು ಹತ್ತಾಕಾಗತೈತೇನ್ರಿ? ಆ ದಿನ ಬಂದ್ರ ಸಂತೋಷ. ಬರಾಕ ಆಗಲಿಲ್ಲ ಅಂದ್ರ ನಾ ಅವರಿಗೆ ಹೂಂ ಅಂದುಬಿಡ್ತೀನಿ. ಮಕ್ಕಳಿಗೆ ಕನ್ನಡ ಟೀಚರ್ ಬೇಕಲ್ರಿ."

ಒಳ್ಳೆಯ ಮನುಷ್ಯ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಫೋನ್ ಇಡಬಹುದಿತ್ತು. ಹತ್ತದಿದ್ದರೆ ಏನು ಎಂದು ಅವತ್ತು ಬರೆಯಲಿಲ್ಲವಲ್ಲ, ಇದೇ. ಮಕ್ಕಳ ಮುಂದೆ ನಿಂತು ಪದ್ಯ ಓದಿದ ಬಾಯಿ ಮೇಜಿನ ಹಿಂದೆ ಮುಚ್ಚಿಕೊಳ್ಳುತ್ತದೆ.

ಏಪ್ರಿಲ್ 16, ಬುಧವಾರ

ಇವತ್ತಿನದನ್ನು ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ತಿಂಗಳಿಗೂ ಹೆಚ್ಚು ದಿನ ನೆನೆಸಿಕೊಂಡ ಮೇಲೆ, ಪರೀಕ್ಷೆ ಮಾಡೋಣ ಎಂದು ಕುರುಗೋಡಿನ ಬಸ್ ನಿಲ್ದಾಣಕ್ಕೆ ಹೋದೆ. ಖಲಂದರನನ್ನು ದೂರ ನಿಲ್ಲಿಸಿದೆ. ಬಸ್ಸು ಬಂತು. ಕಣ್ಣ ಮುಂದೆ ಆ ಹಳೆಯ ಸಂಜೆ ಹಾಗೇ ಇತ್ತು. ಅದೇ ಧೈರ್ಯದಲ್ಲಿ ಬಲಗಾಲು ಮುಂದಿಟ್ಟೆ. ಮನಸ್ಸು ಮೆಟ್ಟಿಲ ಮೇಲಿತ್ತು, ಕಾಲು ನೆಲದ ಮೇಲೇ ಇತ್ತು. ಮೊಣಕಾಲ ಕೆಳಗಿನ ಮೂಳೆ ಕಬ್ಬಿಣಕ್ಕೆ ಬಡಿಯಿತು. ಬೀಳುವಷ್ಟರಲ್ಲಿ ಒಬ್ಬಳು ರಟ್ಟೆ ಹಿಡಿದು ಎಳೆದಳು, ಇನ್ನೊಬ್ಬಳು ಹಿಂದಿನಿಂದ ನೂಕಿದಳು. "ಎತ್ರಿ, ಪಾಪ, ಎತ್ರಿ!" ಎಂದು ಇಡೀ ಬಸ್ಸು ಕೂಗಿತು. ನನ್ನನ್ನು ಸೀಟಿನ ಮೇಲೆ ಇಟ್ಟರು. ಹೌದು, ಇಟ್ಟರು. ಬೇಡ, ಇಳಿಸಿ ಅನ್ನುವಷ್ಟರಲ್ಲಿ ಸೀಟಿ ಊದಿ ಬಸ್ಸು ಹೊರಟೇಬಿಟ್ಟಿತು.

ಬಾದನಹಟ್ಟಿಯವರೆಗೆ ಹೋದೆ. ಅಲ್ಲಿಗೆ ಲಗೇಜ್ ಆಟೋದಲ್ಲಿ ಬೆನ್ನಟ್ಟಿ ಬಂದ ಖಲಂದರ್ ನನ್ನನ್ನು ಗಾದಿಯ ಹಾಗೆ ಇಳಿಸಿಕೊಂಡ.

"ಅಕ್ಕಾ, ಇದನ್ನೆಲ್ಲಾ ಬಿಡು. ಆಫೀಸಿಗೆ ಹೋಗು, ಆರಾಮಿರು."

ದಾರಿಯುದ್ದಕ್ಕೂ ಸುಲಿದ ಜಾಗಕ್ಕೆ ಕರವಸ್ತ್ರ ಒತ್ತಿ ಹಿಡಿದು ಬಂದೆ.

ಏಪ್ರಿಲ್ 18, ಶುಕ್ರವಾರ

ನೆನೆಸಿಕೊಳ್ಳಲಿಲ್ಲ. ಇನ್ನು ನೆನೆಸಿಕೊಳ್ಳುವುದೂ ಇಲ್ಲ.

ಏಪ್ರಿಲ್ 23, ಬುಧವಾರ

ಬಳ್ಳಾರಿಗೆ ಹೋಗುವುದು ಬೇಡವಾಗಿತ್ತು. ಸಂಪದಾಳ ಮುಖಕ್ಕೆ ನಾಲ್ಕು ಮಾತು ಅಂದೇ ಬರಬೇಕೆಂದು ಹೋದೆ. ಅಂದೆ ಕೂಡ. ನಿನ್ನ ವಿದ್ಯೆಯಿಂದ ನನ್ನ ಮೂಳೆ ಸುಲಿಯಿತು, ಮಾನವೂ ಹೋಯಿತು ಎಂದೆ. ಅವಳು ಅಳುಕಲಿಲ್ಲ. ಗಾಯ ನೋಡಿದಳು. ಆಮೇಲೆ, "ನೀವು ಕಣ್ಣು ಮುಚ್ಚಿದಾಗ ಏನು ಕಾಣ್ತದ, ಸ್ವಲ್ಪ ಹೇಳ್ರಿ" ಅಂದಳು. ಇಷ್ಟು ದಿನ ಇದನ್ನು ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಗದ್ದೆ ರಸ್ತೆ, ಓಟ, ಉತ್ತರಪತ್ರಿಕೆ, ಬಿಳಿ ಪಟ್ಟಿಯ ಚಪ್ಪಲಿ, ಎಲ್ಲ ಹೇಳಿದೆ.

"ಆ ಚಪ್ಪಲಿ ಈಗ ಎಲ್ಲಿ ಅವ?"

"ಹರದು ಹೋಗಿ ಎಷ್ಟೋ ವರ್ಷಾತು. ಈಗ್ಯಾಕ ಅದು?"

ಅವಳು ಹಣೆ ಹಿಡಿದುಕೊಂಡಳು. "ಅಯ್ಯ ಮೇಡಂ, ನೀವು ನೆನಪು ಮಾಡ್ಕೊಂಡು ಕೂತೀರಿ! ನಾ ನೆನಸ್ಕೊಳ್ರಿ ಅಂದದ್ದು ಕಲ್ಪನಾ ಮಾಡ್ಕೊಳ್ರಿ ಅಂತ. ಈಗಿನ ಕಾಲು, ಈಗಿನ ಕೋಲು, ಈಗಿನ ಭಾರ. ನಿಮಗ ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟ ಹೊತ್ತು. ಇಲ್ಲದ ಕಾಲಿಗೆ ವ್ಯಾಯಾಮ ಕೊಟ್ರ ಇದ್ದ ಕಾಲು ಏನು ಕಲೀತದ?"

ತಪ್ಪು ತನ್ನದೂ ಹೌದು, ಮೊದಲೇ ಕೇಳಬೇಕಿತ್ತು ಅಂದಳು. ಬಸ್ಸು ಏರುವಾಗ ಗಟ್ಟಿ ಇರುವ ಎಡಗಾಲು ಮೊದಲು ಎಂದು ತೋರಿಸಿದಳು. ಇನ್ನೂ ಏನೇನೋ ಹೇಳಿದಳು, ನನ್ನ ತಲೆ ಆ ಒಂದೇ ಪದದಲ್ಲಿ ಸಿಕ್ಕಿಕೊಂಡಿತ್ತು.

ಏಪ್ರಿಲ್ 24, ಗುರುವಾರ

ನೆನೆ. ಒಂದು, ಸ್ಮರಿಸು. ಎರಡು, ಭಾವಿಸು. ಮೂರು, ಒದ್ದೆಯಾಗು. ನಾನಾರ್ಥ ಪದಗಳು, ಒಂಬತ್ತನೇ ತರಗತಿ. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ತಪ್ಪು ಬರೆದವರ ಕಿವಿ ಹಿಂಡಿದ್ದೇನೆ.

ನನ್ನ ಕಿವಿ ಯಾರು ಹಿಂಡಬೇಕು? ಇಡೀ ಮಾರ್ಚ್ ಮಣ್ಣುಪಾಲಾಯಿತು. ಮೂರನೇ ಅರ್ಥವೊಂದು ಬಾಕಿ ಇತ್ತು, ಅದನ್ನು ನಿನ್ನೆ ದಿಂಬು ಪೂರೈಸಿತು.

ಏಪ್ರಿಲ್ 30, ಬುಧವಾರ

ಕಲ್ಪನೆಯಲ್ಲೂ ಕುಂಟಬೇಕೆ? ಇದನ್ನೇ ಸಂಪದಾಳಿಗೆ ಫೋನಿನಲ್ಲಿ ಕೇಳಿದೆ. ಕನಸಿನಲ್ಲಾದರೂ ನೆಟ್ಟಗೆ ನಡೆಯುವ ಹಕ್ಕು ನನಗಿಲ್ಲವೇ?

"ಕನಸಿನಾಗ ಓಡ್ರಿ, ಯಾರು ಬ್ಯಾಡ ಅಂತಾರ. ವ್ಯಾಯಾಮದಾಗ ಕುಂಟ್ರಿ" ಅಂದಳು. ಎಳೆಯ ಬಾಯಿ, ಎಷ್ಟು ಖಡಕ್ಕಾಗಿ ಮಾತಾಡುತ್ತದೆ!

ಕುಂಟಿದೆ. ಹಳೆಯ ಓಟ ತಾನಾಗಿ ಬರುತ್ತಿತ್ತು, ಇದನ್ನು ಒಂದೊಂದೇ ಹೆಜ್ಜೆ ಕೂಡಿಸಬೇಕು. ಕೋಲು ಮುಂದೆ. ಸೊಂಟದಿಂದ ಬಲಗಾಲನ್ನು ಎತ್ತಬೇಕು, ಹಿಮ್ಮಡಿ ಮೊದಲು ಇಳಿಯಬೇಕು. ಅರ್ಧದಲ್ಲೇ ಓಟ ನುಗ್ಗಿ ಬರುತ್ತದೆ, ಬಿಳಿ ಚಪ್ಪಲಿ ಬರುತ್ತದೆ. ಓಡಿಸಿ ಮತ್ತೆ ಮೊದಲಿನಿಂದ. ಅಲ್ಲಾಡದೆ ಕೂತು ಇಷ್ಟು ದಣಿಯಬಹುದೆಂದು ಗೊತ್ತಿರಲಿಲ್ಲ.

ಬಿಸಿಲು ಬೇರೆ. ಬಳ್ಳಾರಿ ಸೀಮೆಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ನನಗೆ ಅದೂ ಸುಳ್ಳು: ಬಿಸಿಲೇರಿದಾಗ ಒಂದೇ ಕಾಲು. ಮೈ ಬಿಸಿಯಾದರೆ ಬಲಗಾಲು ಹತ್ತಿಯ ಮೂಟೆ. ಕತ್ತಿಗೆ ಒದ್ದೆ ಟವೆಲ್ ಸುತ್ತಿ ಕೂಲರ್ ಮುಂದೆ ಕೂರುತ್ತೇನೆ. ಅವ್ವ ಗಳಿಗೆಗೊಮ್ಮೆ ಬಂದು ಟವೆಲ್ ಹಿಂಡಿ ಮತ್ತೆ ಹಾಕುತ್ತಾಳೆ.

ಮೇ 8, ಗುರುವಾರ

ತಾಳಕ್ಕೆ ತಕ್ಕಂತೆ ನಡೆದರೆ ಸುಲಭ ಎಂದು ಸಂಪದಾ ಮೊಬೈಲಿಗೆ ಏನೋ ಹಾಕಿಕೊಟ್ಟಿದ್ದಾಳೆ. ಟಕ್, ಟಕ್, ಟಕ್, ಟಕ್. ಎಲ್ಲ ಒಂದೇ ಸಮ. ನನ್ನ ನಡಿಗೆ ಸಮ ಇಲ್ಲವಲ್ಲ! ಎರಡು ಟಕ್ಕಿಗೆ ಒಂದು ಸಲ ನಾನು ಹಿಂದೆ ಬೀಳುತ್ತೇನೆ. ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ. ತಮ್ಮನದು ಗಾದಿ ಅಂಗಡಿ ಆಗಿದ್ದಕ್ಕೆ ಮೊಬೈಲ್ ಉಳಿಯಿತು.

ಸಿಟ್ಟಿನಲ್ಲೇ ಪಡಸಾಲೆಯಲ್ಲಿ ನಡೆದೆ. ಎಡಗಾಲಿನ ಹೆಜ್ಜೆ ಚುಟುಕು, ಬಲಗಾಲಿನದು ಎಳೆದು ಒಂದು ಮಾತ್ರೆ ಜಾಸ್ತಿ. ಮೂರು, ನಾಲ್ಕು. ಮೂರು, ನಾಲ್ಕು. ಗೋಡೆ ಮುಟ್ಟುವ ಹೊತ್ತಿಗೆ ನಗು ಬಂತು. ಇದು ಭಾಮಿನಿ ಷಟ್ಪದಿ! ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ. ಇಷ್ಟು ಶತಮಾನದಲ್ಲಿ ಯಾರೂ ಅದನ್ನು ಕುಂಟು ಅಂದಿಲ್ಲ. ಕುರ್ಚಿಗೆ ಬಂದು ಕೂತು, ಕಣ್ಣು ಮುಚ್ಚಿ, ಅದೇ ಲಯದಲ್ಲಿ ಹೊರಟೆ. ಓಟ ನುಗ್ಗಿ ಬರಲಿಲ್ಲ, ಅದಕ್ಕೆ ಈ ಛಂದಸ್ಸು ಬರುವುದಿಲ್ಲ.

ಬಸ್ಸಿನ ಬಾಗಿಲವರೆಗೆ ಹೋಗಿದ್ದೆ, ಕರೆಂಟ್ ಹೋಯಿತು. ಕೂಲರ್ ನಿಂತಿತು, ಬೆವರಿಳಿಯಿತು, ಷಟ್ಪದಿ ಕೆಟ್ಟಿತು. ಈ ಕರೆಂಟಿನವರಿಗೆ ಧಿಕ್ಕಾರ.

ಮೇ 16, ಶುಕ್ರವಾರ

ಚನ್ನಬಸವರಾಜ ಸರ್ ಮತ್ತೆ ಫೋನು. "ಏನಾತ್ರಿ ಮೇಡಂ?" ಬರುತ್ತೇನೆ ಅಂದೆ. ಆಮೇಲೆ ಬಾಯಿಗೆ ಬಂದದ್ದು ಕೇಳಿಯೇಬಿಟ್ಟೆ: ನನ್ನ ತರಗತಿಗಳನ್ನು ಕೆಳಗಿನ ಕೋಣೆಗೆ ಹಾಕಿ, ಮಧ್ಯಾಹ್ನದ ಬಿಸಿಲಿನ ಪಿರಿಯಡ್ ಬೇಡ, ಹಲಗೆಯ ಹತ್ತಿರ ಒಂದು ಎತ್ತರದ ಸ್ಟೂಲ್ ಇರಲಿ.

"ಇದನ್ನ ಮೊದಲ ಹೇಳಬಾರದಿತ್ತೇನ್ರಿ? ಅದೇನು ದೊಡ್ಡ ಮಾತು. ನೀವು ಬಂದು ಮುಟ್ರಿ, ಅಷ್ಟ."

ಬಂದು ಮುಟ್ಟುವುದೇ ದೊಡ್ಡ ಮಾತು. ಮೊಣಕಾಲ ಕೆಳಗಿನ ಗಾಯ ಒಣಗಿದೆ, ತುರಿಸುತ್ತದೆ. ಒಗ್ಗಾಣಿಗೆ ಅವ್ವ ಖಾರ ಹೆಚ್ಚು ಹಾಕಿದ್ದಳು. ಬೇರೇನೂ ಇಲ್ಲ.

ಮೇ 22, ಗುರುವಾರ. ಸಿರುಗುಪ್ಪ

ನಮ್ಮ ಮನೆಗೆ ಬಂದೆವು. ಬೆಳಿಗ್ಗೆ ತಂಪಿರುವಾಗ ಅವ್ವನ ಜೊತೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬಂದೆ. ಕರೂರು ಬಸ್ಸಿನ ಕಂಬಿ ಎಲ್ಲಿದೆ, ಮೆಟ್ಟಿಲು ನನಗೆ ಎಷ್ಟು ಎತ್ತರಕ್ಕೆ ಬರುತ್ತದೆ, ಎಲ್ಲ ನೋಡಿದೆ. ಮನಸ್ಸಿನ ಬಸ್ಸಿನಲ್ಲಿ ಕಂಬಿಯನ್ನು ತಪ್ಪು ಕಡೆ ಇಟ್ಟುಕೊಂಡಿದ್ದೆ. ಅಲ್ಲೇ ಕಣ್ಣು ಮುಚ್ಚಿ ಅದನ್ನು ಸರಿಯಾದ ಕಡೆ ತಂದು ಹತ್ತಿದೆ.

ನಿಜವಾಗಿಯೂ ಹತ್ತಲು ಹೋದೆ, ಖಾಲಿ ನಿಂತ ಬಸ್ಸಿಗೆ. ಎಡಗಾಲು ಏರಿತು, ಬಲಗಾಲು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹಿಂದಕ್ಕೆ ಇಟ್ಟೆ. ಥೂ! ಇನ್ನು ಒಂದೇ ವಾರ.

ಮೇ 28, ಬುಧವಾರ

ಬಲಗಾಲು ನೋಯುತ್ತಿದೆ. ನೋಯುತ್ತಿದೆ ಎಂದು ತಿಳಿಯುವುದೂ ಒಂದು ಸಮಾಧಾನ ಅನ್ನುತ್ತಾಳೆ ಅವ್ವ. ಅವಳು ನೀಲಿ ಸೀರೆಗೆ ಇಸ್ತ್ರಿ ಹಾಕಿ ಇಟ್ಟಿದ್ದಾಳೆ. ಬೇಡ ಅಂದೆ, ನೆರಿಗೆ ಕಾಲಿಗೆ ತೊಡರುತ್ತದೆ. ಚೂಡಿದಾರ್ ತೆಗೆದಿಟ್ಟೆ. ನಾಳೆ ಆಗದಿದ್ದರೆ ಅಳುವುದಿಲ್ಲ. ಸುಳ್ಳು, ಅಳುತ್ತೇನೆ.

ಮೇ 29, ಗುರುವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಪ್ಪಿಹೋಗುತ್ತದೆ.

ಹತ್ತಿದೆ. ಜನ ಎಲ್ಲ ಹತ್ತಲಿ ಎಂದು ಕೊನೆಗೆ ನಿಂತೆ. ಎಡಗಾಲು, ಕಂಬಿ, ಸೊಂಟ, ಆಮೇಲೆ ನನ್ನ ಬಲಗಾಲು. ಅಂಚಿಗೆ ಒಮ್ಮೆ ತಾಗಿತು, ಆದರೆ ಬಂತು. ಹಿಂದಿನಿಂದ ಯಾರದೋ ಕೈ ಬಂದಿತ್ತು, "ಬ್ಯಾಡ್ರಿ" ಅಂದೆ, ಹೋಯಿತು. ಬಸ್ಸಿನ ಕೆಳಗೆ ನಿಂತಿದ್ದ ಅವ್ವ ಉಸಿರಾಡಿದ್ದು ನನಗೆ ಮೇಲೆ ಕೇಳಿಸಿತು. ಕಿಟಕಿಯ ಹತ್ತಿರ ಕೂತೆ. ದಾರಿಯುದ್ದಕ್ಕೂ ಒಣಗಿದ ಗದ್ದೆಗಳನ್ನು ನೋಡುತ್ತಾ ರಾಣಿಯ ಹಾಗೆ ಹೋದೆ.

ಕರೂರು ಬಂತು. ಎದ್ದು ಬಾಗಿಲಿಗೆ ಬಂದು ಕೆಳಗೆ ನೋಡಿದೆ. ಇಳಿಯುವುದನ್ನು ನಾನು ಒಮ್ಮೆಯೂ ಕಲ್ಪಿಸಿಕೊಂಡಿರಲಿಲ್ಲ! ಇಷ್ಟು ದಿನ ಬರೀ ಹತ್ತಿದ್ದೆ. ಹತ್ತಿ ಹತ್ತಿ ಮನಸ್ಸಿನ ಬಸ್ಸು ತುಂಬಿಹೋಗಿತ್ತು, ಅದರಿಂದ ಒಬ್ಬಳೂ ಇಳಿದಿರಲಿಲ್ಲ. ಇಳಿಯುವಾಗ ಯಾವ ಕಾಲು ಮೊದಲು? ಸಂಪದಾ ಹೇಳಿರಬೇಕು. ನಾನು ಕೇಳಿಸಿಕೊಂಡಿರಲಿಲ್ಲ.

ಕಂಡಕ್ಟರ್ ಎಳೆಯ ವಯಸ್ಸಿನವನು, ನನ್ನನ್ನು ಅರಿಯದವನು. "ಇಳೀರಿ ಮೇಡಂ, ಟೈಮಾತು" ಅಂದ.

ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಮನಸ್ಸಿನಲ್ಲಿ ಎಡಗಾಲು ಮೊದಲು ಇಳಿಸಿ ನೋಡಿದೆ. ಮೇಲೆ ಉಳಿದ ಬಲಗಾಲಿಗೆ ಭಾರ ತಡೆಯಲಿಲ್ಲ, ಮಡಿಚಿತು. ಬಿದ್ದೆ.

"ಮೇಡಂ, ಇಳೀರಿ!"

"ಇಳ್ಯಾಕತ್ತೀನಿ, ತಡೀರಿ."

"ಎಲ್ಲಿ ಇಳ್ಯಾಕತ್ತೀರಿ? ನಿಂತಲ್ಲೇ ನಿಂತೀರಲ್ರೀ!"

"ಒಮ್ಮಿ ಬಿದ್ದೀನಿ. ಈಗ ಇನ್ನೊಮ್ಮಿ ಇಳ್ಯಾಕತ್ತೀನಿ."

ಅವನು ಡ್ರೈವರ್ ಕಡೆ ನೋಡಿದ. ಡ್ರೈವರ್ ಇಂಜಿನ್ ಆರಿಸಿದ. ಹಿಂದಿನ ಸೀಟಿನಲ್ಲಿ ಯಾರೋ "ಪಾಪ" ಅಂದರು. ಅಂದುಕೊಳ್ಳಲಿ, ನನಗೆ ಕೆಲಸವಿತ್ತು. ಮನಸ್ಸಿನಲ್ಲಿ ಮತ್ತೆ ಬಸ್ಸು ಹತ್ತಿ ಬಂದು, ಈ ಸಲ ಬಲಗಾಲನ್ನು ಮೊದಲು ಕೆಳಗೆ ಬಿಟ್ಟೆ. ಮೇಲೆ ಎಡಗಾಲು ಬಾಗಿ ನಿಧಾನಕ್ಕೆ ನನ್ನನ್ನು ಇಳಿಸಿತು. ನಿಂತೆ. ಕಣ್ಣು ತೆರೆದು ಕಂಡಕ್ಟರನಿಗೆ ನನ್ನ ಚೀಲ, ಕೋಲು ಕೊಟ್ಟೆ.

"ಕೆಳಗ ನಿಂತು ಕೈ ಕೊಡ್ರಿ. ಹಿಡೀರಿ, ಎತ್ತಬ್ಯಾಡ್ರಿ."

ಅವನು ಇಳಿದು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಗಂಭೀರವಾಗಿ ಕೈ ಚಾಚಿದ. ಎತ್ತಲಿಲ್ಲ. ಬಲಗಾಲು ನೆಲ ಮುಟ್ಟಿತು, ಆಮೇಲೆ ನಾನು.

ಬಸ್ಸು ಹೋಯಿತು. ನಾನು ಕರೂರಿನಲ್ಲೇ ಉಳಿದೆ.